ಹಾರ್ಮೋನಿಯಂ ಮೇಷ್ಟ್ರು ಮತ್ತು ‘ಸೂಕ್ತ ಉಲ್ಲೇಖನ ಬೇಕು’

ನಾನು ಕನ್ನಡ ವಿಕಿಪೀಡಿಯಕ್ಕೆ ಬರೆದ ಮೊದಲ ಲೇಖನ ಅಲ್ಲಿ ಉಳಿದದ್ದು ಹನ್ನೊಂದು ದಿನ. ಆಮೇಲೆ ಅಳಿಸಿದರು. ಅಳಿಸಿದ್ದು ಸರಿ ಅಂತ ಒಪ್ಪಿಕೊಳ್ಳಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಕಲಿತದ್ದನ್ನು ಬರೆದಿಡೋಣ ಅನ್ನಿಸಿದೆ. ಯಾಕೆಂದರೆ ಊರಿನ ಹಿರಿಯರ ಬಗ್ಗೆಯೋ, ತಮಗೆ ಪಾಠ ಹೇಳಿದವರ ಬಗ್ಗೆಯೋ, ಇಷ್ಟದ ಕಲಾವಿದರ ಬಗ್ಗೆಯೋ ಅಲ್ಲಿ ಒಂದು ಪುಟ ಮಾಡಬೇಕು ಅಂತ ಆಸೆಯಿಂದ ಹೊರಟವರು ಎಷ್ಟೋ ಜನ ನನ್ನ ಹಾಗೇ ಮೊದಲ ಸಲಕ್ಕೇ ಬೇಜಾರಾಗಿ ವಾಪಸ್ ಹೋಗುತ್ತಾರೆ. ಹೋಗಬಾರದು ಅನ್ನೋದು ನನ್ನ ಆಸೆ.

ಲೇಖನ ನಮ್ಮೂರಿನ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ. ತುಮಕೂರು ಜಿಲ್ಲೆಯ ಸಣ್ಣ ಊರು ನಮ್ಮದು. ಸಂಜೆ ಐದಕ್ಕೆ ಅವರ ಮನೆ ಜಗಲಿಯಲ್ಲಿ ಏಳೆಂಟು ಮಕ್ಕಳು ಕೂರುತ್ತಿದ್ದೆವು. ದೇವರನಾಮ ಹೇಳಿಕೊಡುತ್ತಿದ್ದರು, ನಡುನಡುವೆ ಯಾವುದೋ ಹಳೇ ಕಂಪನಿ ನಾಟಕದ ರಂಗಗೀತೆಗೆ ಜಾರಿಬಿಡುತ್ತಿದ್ದರು. ‘ಕರಿ ಒಂದು’, ‘ಬಿಳಿ ಎರಡು’ ಅಂತ ಶ್ರುತಿ ಹಿಡಿಯೋದನ್ನು ನಾನು ಕಲಿತದ್ದು ಅವರಿಂದ. ಒಳಮನೆಯಲ್ಲಿ ಒಂದು ಲೆಗ್ ಹಾರ್ಮೋನಿಯಂ ಇತ್ತು, ಕಾಲಲ್ಲಿ ತುಳಿದು ನುಡಿಸೋದು. ಅದರ ಮೇಲೆ ಯಾವಾಗಲೂ ಒಂದು ಬಿಳಿ ಪಂಚೆ ಹೊದಿಸಿರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂತರ್ಜಾಲದಲ್ಲಿ ಅವರ ಹೆಸರು ಹುಡುಕಿದೆ. ಒಂದು ಕಡೆಯೂ ಇಲ್ಲ. ಅವತ್ತೇ ರಾತ್ರಿ ಕೂತು ಹದಿನಾಲ್ಕು ವಾಕ್ಯ ಬರೆದು ಹಾಕಿಬಿಟ್ಟೆ.

ಮಾರನೇ ದಿನ ನೋಡಿದರೆ ಅದರಲ್ಲಿ ಹತ್ತು ವಾಕ್ಯಗಳ ಕೊನೆಗೆ ಚಿಕ್ಕ ಅಕ್ಷರದಲ್ಲಿ ‘ಸೂಕ್ತ ಉಲ್ಲೇಖನ ಬೇಕು’ ಅಂತ ಬಂದಿತ್ತು. ‘ಗುಬ್ಬಿ ಕಂಪನಿಯಲ್ಲಿ ಹತ್ತು ವರ್ಷ ಹಾರ್ಮೋನಿಯಂ ನುಡಿಸಿದ್ದರು’ ಅನ್ನುವಲ್ಲಿ ಇತ್ತು. ‘ನೂರಾರು ಶಿಷ್ಯರನ್ನು ತಯಾರು ಮಾಡಿದರು’ ಅನ್ನುವಲ್ಲಿ ಇತ್ತು. ‘ಎಲೆಮರೆಯ ಕಾಯಿಯಂತೆ ಬಾಳಿದರು’ ಅನ್ನೋ ವಾಕ್ಯವನ್ನು ಪೂರ್ತಿ ತೆಗೆದೇ ಹಾಕಿದ್ದರು. ನನಗೆ ಕೋಪ ಬಂತು. ಚರ್ಚೆಪುಟದಲ್ಲಿ ‘ನಾನೇ ಅವರ ಶಿಷ್ಯ, ಕಣ್ಣಾರೆ ಕಂಡಿದ್ದೇನೆ’ ಅಂತ ಬರೆದೆ. ಬಹಳ ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವ ಒಬ್ಬರು ಉತ್ತರ ಕೊಟ್ಟರು. ಅವರ ಮಾತು ನನಗೆ ಈಗಲೂ ಬಾಯಿಗೆ ಬರುತ್ತದೆ: ‘ನೀವು ಬರೆದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪರಿಚಯ ಇಲ್ಲದ, ನಿಮ್ಮೂರು ಎಲ್ಲಿದೆ ಅಂತಲೂ ಗೊತ್ತಿಲ್ಲದ ಓದುಗರು ಇದು ನಿಜವೋ ಅಲ್ಲವೋ ಅಂತ ಎಲ್ಲಿ ಹೋಗಿ ನೋಡಬೇಕು, ಅಷ್ಟು ಹೇಳಿ.’

ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ.

ಮೇಷ್ಟ್ರ ಮಗಳಿಗೆ ಫೋನ್ ಮಾಡಿದೆ. ನಮಗೆಲ್ಲ ಅವರು ಅಕ್ಕ. ಅವರಿಗೂ ಬೇಜಾರಾಯಿತು. ‘ಮಗಳು ನಾನೇ ಹೇಳ್ತಿದ್ದೀನಲ್ಲಪ್ಪ, ಇನ್ನೇನು ಸಾಕ್ಷಿ ಬೇಕಂತೆ ಅವರಿಗೆ?’ ಅಂದರು. ನನಗೂ ಆಗ ಅದೇ ಪ್ರಶ್ನೆ.

ಉತ್ತರ ಹೊಳೆದದ್ದು ನಿಧಾನಕ್ಕೆ. ಪತ್ರಿಕೆಯಲ್ಲಿ ನಾನು ಒಂದು ಲೇಖನ ಬರೆದರೆ ಕೆಳಗೆ ನನ್ನ ಹೆಸರಿರುತ್ತದೆ, ತಪ್ಪಾದರೆ ನನ್ನನ್ನೂ ಸಂಪಾದಕರನ್ನೂ ಕೇಳಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ತೆಗೆದರೆ ಅದರ ಹಿಂದೆ ವಿದ್ವಾಂಸರ ಒಂದು ಮಂಡಳಿಯೇ ಇದೆ. ವಿಕಿಪೀಡಿಯದಲ್ಲಿ ಹಾಗಲ್ಲ. ಯಾರು ಬೇಕಾದರೂ ‘ಸಂಪಾದಿಸಿ’ ಒತ್ತಬಹುದು. ಅಲ್ಲಿ ಬರೆಯುವವರ ಮಾತಿಗೆ ಬೆಲೆ ಬರೋದು ಅವರು ಯಾರು ಅನ್ನೋದರಿಂದ ಅಲ್ಲ, ಎಲ್ಲಿಂದ ತಂದರು ಅನ್ನೋದರಿಂದ. ನಾನು ಮೇಷ್ಟ್ರ ಶಿಷ್ಯ ಅನ್ನೋದು ನಿಜ, ಆದರೆ ಆ ಪುಟ ಓದುವವರಿಗೆ ನಾನು ಬರೀ ಒಂದು ಬಳಕೆದಾರ ಹೆಸರು. ನಾನು ‘ಕಣ್ಣಾರೆ ಕಂಡೆ’ ಅಂದರೆ ಒಪ್ಪಬೇಕು ಅನ್ನೋದಾದರೆ ನಾಳೆ ಇನ್ನೊಬ್ಬರು ಬಂದು ಇನ್ನೊಂದನ್ನು ‘ಕಣ್ಣಾರೆ ಕಂಡೆ’ ಅಂದಾಗಲೂ ಒಪ್ಪಬೇಕಾಗುತ್ತದೆ.

ಅದು ಎಂಥ ಅಪಾಯ ಅಂತ ಗೊತ್ತಾಗಿದ್ದು ಜಾನ್ ಸೀಗೆಂಥಾಲರ್ ಅವರ ವಿಷಯ ಓದಿದಾಗ. ಅಮೆರಿಕದ ಹಿರಿಯ ಪತ್ರಕರ್ತರು ಅವರು. 1960ರ ದಶಕದ ಮೊದಲಲ್ಲಿ, ಅಧ್ಯಕ್ಷ ಜಾನ್ ಕೆನಡಿ ಅವರ ತಮ್ಮ ರಾಬರ್ಟ್ ಕೆನಡಿ ಅವರ ಆಪ್ತ ಸಹಾಯಕರಾಗಿದ್ದರು. 2005ರ ಮೇ ತಿಂಗಳಲ್ಲಿ ಯಾರೋ ಒಬ್ಬರು ಹೆಸರು ಹಾಕದೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟಕ್ಕೆ, ಜಾನ್ ಕೆನಡಿ ಮತ್ತು ರಾಬರ್ಟ್ ಕೆನಡಿ ಇಬ್ಬರ ಹತ್ಯೆಯಲ್ಲೂ ಇವರ ಕೈವಾಡ ಇದೆ ಅಂತ ಒಂದು ಕಾಲದಲ್ಲಿ ಅನುಮಾನ ಇತ್ತು ಅಂತ ಬರೆದು ಹೋದರು. ಪೂರ್ತಿ ಸುಳ್ಳು. ಒಂದು ಆಕರವೂ ಇಲ್ಲದ ಆ ಮಾತು ನಾಲ್ಕು ತಿಂಗಳು ಅಲ್ಲೇ ಇತ್ತು. ಯಾರ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರೋ ಅವರ ಕೊಲೆಯ ಅಪವಾದವನ್ನೇ ಈ ಮನುಷ್ಯ ತನ್ನ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಓದಬೇಕಾಯಿತು. ಬದುಕಿರುವವರ ಜೀವನಚರಿತ್ರೆಗೆ ವಿಕಿಪೀಡಿಯ ಬಿಗಿಯಾದ ನಿಯಮ ಮಾಡಿಕೊಂಡದ್ದು ಆ ಘಟನೆಯ ಬೆನ್ನಿಗೇ: ವಿವಾದ ಆಗಬಹುದಾದ ಮಾತಿಗೆ ಗಟ್ಟಿ ಆಕರ ಇಲ್ಲದಿದ್ದರೆ ಕಾಯಬೇಡಿ, ತಕ್ಷಣ ತೆಗೆಯಿರಿ. ಒಳ್ಳೆಯ ಮಾತೇ ಆಗಿದ್ದರೂ ಅಷ್ಟೇ.

ನಾನು ಮೇಷ್ಟ್ರ ಪುಟ ಬಿಟ್ಟು ಬೇರೆ ಒಬ್ಬರನ್ನು ಹಿಡಿದುಕೊಂಡೆ. ಈಗಾಗಲೇ ಪುಸ್ತಕ, ಲೇಖನ ಇರುವ ಒಬ್ಬರ ಬಗ್ಗೆ ಪ್ರಯೋಗಪುಟದಲ್ಲಿ ಬರೆದು ಕೈ ಪಳಗಿಸಿಕೊಳ್ಳಿ ಅಂತ ಚರ್ಚೆಪುಟದಲ್ಲಿ ನನಗೆ ಉತ್ತರ ಕೊಟ್ಟಿದ್ದ ಆ ಹಿರಿಯರೇ ಹೇಳಿದ್ದರು. ನಾನು ಆರಿಸಿಕೊಂಡದ್ದು ನಂಜನಗೂಡು ತಿರುಮಲಾಂಬ ಅವರನ್ನು. 1887ರಲ್ಲಿ ಹುಟ್ಟಿದವರು, 1982ರವರೆಗೆ ಬದುಕಿದವರು. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ತಂದೆಯ ಮನೆಯಲ್ಲೇ ಓದು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರು ಮಾಡಿದರು, ‘ಸುಶೀಲೆ’ ಕಾದಂಬರಿ ಬರೆದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಆಮೇಲೆ ಎಷ್ಟೋ ದಶಕ ಕನ್ನಡ ಓದುಗರು ಅವರನ್ನು ಮರೆತೇಬಿಟ್ಟಿದ್ದರು. ಲೇಖಕಿ ಚಿ.ನ. ಮಂಗಳಾ ಅವರಂಥವರು ಅವರನ್ನು ಮತ್ತೆ ಬೆಳಕಿಗೆ ತಂದರು.

ಅಭ್ಯಾಸಬಲ, ಇಲ್ಲೂ ಮೊದಲು ನನಗೆ ಗೊತ್ತಿದ್ದನ್ನೆಲ್ಲ ಬರೆದುಕೊಂಡೆ, ಆಮೇಲೆ ಅದಕ್ಕೆ ಉಲ್ಲೇಖ ಹುಡುಕೋಕೆ ಕೂತೆ. ಅಲ್ಲೇ ನಾನು ಎಡವಿದ್ದು. ನನ್ನ ಒಂದು ವಾಕ್ಯ ಹೀಗಿತ್ತು: ‘ವೈಧವ್ಯದ ನೋವನ್ನು ಮರೆಯಲು ಅವರು ಸಾಹಿತ್ಯದ ಮೊರೆ ಹೋದರು.’ ಓದೋಕೆ ಚೆನ್ನಾಗಿದೆ, ಅಲ್ವಾ? ನಾಲ್ಕು ದಿನ ಹುಡುಕಿದೆ. ಆಕೆ ಹಾಗೆ ಹೇಳಿದ್ದು ನನಗೆ ಎಲ್ಲೂ ಸಿಗಲಿಲ್ಲ. ಸಿಗೋದಾದರೂ ಹೇಗೆ, ಅದು ನಾನು ಕಟ್ಟಿದ ಮಾತು. ವಿಧವೆಯಾದ ಹೆಣ್ಣುಮಗಳು ಬರೆದಳು ಅಂದರೆ ನೋವು ಮರೆಯೋಕೇ ಬರೆದಿರಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಆಕೆಗೆ ಬರೆಯುವ ಆಸೆಯೇ ಇದ್ದಿರಬಹುದು, ದುಡಿಯುವ ಹಟ ಇದ್ದಿರಬಹುದು, ಬೇರೆ ಹೆಂಗಸರಿಗೆ ಓದೋಕೆ ಏನಾದರೂ ಕೊಡಬೇಕು ಅನ್ನೋ ಛಲ ಇದ್ದಿರಬಹುದು. ನಾನು ಆಕೆಯ ಮನಸ್ಸಿನೊಳಗೆ ಹೋಗಿ ಒಂದು ಕಾರಣ ಇಟ್ಟು ಬಂದಿದ್ದೆ. ಆ ವಾಕ್ಯ ಅಳಿಸಿದೆ. ಅದರ ಜಾಗದಲ್ಲಿ ‘ವಿಧವೆಯಾದ ನಂತರ ತಂದೆಯ ಪ್ರೋತ್ಸಾಹದಿಂದ ಓದು ಮುಂದುವರಿಸಿದರು’ ಅಂತ ಬರೆದೆ. ಬಣ್ಣ ಕಮ್ಮಿ. ಆದರೆ ಇದನ್ನು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಬಹುದು.

ಅವತ್ತಿಂದ ನನ್ನ ಕೆಲಸದ ಕ್ರಮವೇ ತಿರುಗಿತು. ಮೊದಲು ಆಕರ, ಆಮೇಲೆ ವಾಕ್ಯ. ಪುಸ್ತಕ ಬಿಚ್ಚಿಟ್ಟುಕೊಳ್ಳೋದು, ಒಂದು ಸಂಗತಿ ಓದೋದು, ಪುಸ್ತಕ ಮುಚ್ಚಿ ನನ್ನ ಮಾತಲ್ಲಿ ಬರೆಯೋದು, ಮತ್ತೆ ಬಿಚ್ಚಿ ಸರಿ ಇದೆಯಾ ನೋಡೋದು, ಪುಟ ಸಂಖ್ಯೆ ಹಾಕೋದು. ಮುಚ್ಚಿ ಬರೆಯೋದು ಯಾಕೆ ಅಂದರೆ, ಉಲ್ಲೇಖ ಕೊಟ್ಟ ಮಾತ್ರಕ್ಕೆ ಅವರ ವಾಕ್ಯವನ್ನೇ ಎತ್ತಿ ಹಾಕಿಕೊಳ್ಳೋ ಹಾಗಿಲ್ಲ. ಎರಡು ಪದ ಆಚೀಚೆ ಮಾಡಿದರೂ ಅದು ನಕಲೇ.

ತಿರುಮಲಾಂಬ ಅವರ ಪುಟದಲ್ಲಿ ನನ್ನನ್ನು ಜಾಸ್ತಿ ಕಾಡಿದ ಪದ ‘ಮೊದಲ’. ನಮ್ಮ ವ್ಯಕ್ತಿಚಿತ್ರಗಳಲ್ಲಿ ಈ ಪದ ಇಲ್ಲದೆ ಕೆಲಸವೇ ಆಗೋದಿಲ್ಲ. ನಾನೂ ‘ಕನ್ನಡದ ಮೊದಲ ಲೇಖಕಿ’ ಅಂತ ಶುರು ಮಾಡಿದ್ದೆ. ಒಂದು ನಿಮಿಷ ಯೋಚಿಸಿದ್ದರೂ ಸಾಕಿತ್ತು, ಅಕ್ಕಮಹಾದೇವಿ ಹನ್ನೆರಡನೇ ಶತಮಾನದವರು, ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಹದಿನೇಳನೇ ಶತಮಾನದವರು. ಸರಿ, ‘ಹೊಸಗನ್ನಡದ’ ಅಂತ ಸೇರಿಸಿದೆ. ‘ಮೊದಲ ಕಾದಂಬರಿಗಾರ್ತಿ’ ಅನ್ನೋಣ ಅಂದುಕೊಂಡರೆ ಶಾಂತಾಬಾಯಿ ನೀಲಗಾರ ಅವರ ‘ಸದ್ಗುಣಿ ಕೃಷ್ಣಾಬಾಯಿ’ 1908ರದ್ದು, ‘ಸುಶೀಲೆ’ಗಿಂತ ಐದು ವರ್ಷ ಮುಂಚಿನದು. ಕಾದಂಬರಿಯ ‘ಮೊದಲ’ದ ಕಥೆಯೂ ಹೀಗೇ. 1899ರ ‘ಇಂದಿರಾಬಾಯಿ’ಯನ್ನು ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ಶಾಲೆಯಲ್ಲಿ ಓದಿರುತ್ತೇವೆ, 1892ರ ‘ಸೂರ್ಯಕಾಂತ’ದ ಹೆಸರು ಹೇಳುವವರೂ ಇದ್ದಾರೆ. ಯಾವುದರಲ್ಲಿ ಮೊದಲು, ಯಾರ ಪ್ರಕಾರ ಮೊದಲು, ಈ ಎರಡನ್ನೂ ಹೇಳದೆ ‘ಮೊದಲ’ ಅಂತ ಬರೆದರೆ ಇನ್ನೊಬ್ಬರ ಹೆಸರನ್ನು ಸದ್ದಿಲ್ಲದೆ ಒರೆಸಿದ ಹಾಗೆ. ಅದು ನನಗೆ ತುಂಬಾ ನೋವಾದ ವಿಷಯ. ಮರೆತುಹೋದ ಒಬ್ಬ ಹೆಣ್ಣುಮಗಳನ್ನು ನೆನಪಿಗೆ ತರೋಕೆ ಹೋಗಿ ಇನ್ನೊಬ್ಬಳನ್ನು ಮರೆಸಿಬಿಡುತ್ತಿದ್ದೆ. ಕೊನೆಗೆ ಹಾಗೆ ಕರೆದ ವಿಮರ್ಶಕರ ಹೆಸರು, ಪುಸ್ತಕ, ಪುಟ ಹಾಕಿ ‘ಎಂದು ಗುರುತಿಸಿದ್ದಾರೆ’ ಅಂತ ಬರೆದೆ. ಅಭಿಪ್ರಾಯ ಯಾರದ್ದೋ ಅವರ ಹೆಸರಿಗೇ ಇರಲಿ.

ಇನ್ನು ಹುಟ್ಟಿದ ದಿನ, ಹುಟ್ಟಿದ ಊರು. ಸುಲಭದ ಕೆಲಸ ಅಂದುಕೊಂಡಿದ್ದೆ. ಕುವೆಂಪು ಎಲ್ಲಿ ಹುಟ್ಟಿದ್ದು ಅಂತ ಯಾರನ್ನಾದರೂ ಕೇಳಿ, ಕುಪ್ಪಳಿ ಅಂತಾರೆ. ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕು. ಬೆಳೆದದ್ದು ಕುಪ್ಪಳಿ. ಇಷ್ಟು ದೊಡ್ಡ ಕವಿಯ ವಿಷಯದಲ್ಲೇ ಹೀಗಾದರೆ ಸಣ್ಣವರ ಗತಿ ಏನು? ನಮ್ಮಲ್ಲಿ ಮೊದಲ ಹೆರಿಗೆಗೆ ತವರಿಗೆ ಹೋಗೋದು ವಾಡಿಕೆ, ಹಾಗಾಗಿ ಹುಟ್ಟಿದೂರು, ಬೆಳೆದೂರು, ಹೆಸರಿನ ಮುಂದಿನ ಊರು ಮೂರೂ ಬೇರೆ ಬೇರೆ ಇರಬಹುದು ಅನ್ನೋದನ್ನು ಮರೆಯಬಾರದು.

ಹಳಬರ ಜನ್ಮದಿನ ಇನ್ನೂ ಕಷ್ಟ. ಮನೆಯಲ್ಲಿ ಬರೆದಿಟ್ಟಿರೋದು ಸಂವತ್ಸರ, ಮಾಸ, ತಿಥಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕುವೆಂಪು ಹುಟ್ಟಿದ ಕ್ರೋಧಿ ಸಂವತ್ಸರ 1904ರ ಯುಗಾದಿಗೆ ಶುರುವಾಗಿ 1905ರ ಯುಗಾದಿಗೆ ಮುಗಿಯಿತು. ಅದೇ ಕ್ರೋಧಿ ಮತ್ತೆ 1964ರಲ್ಲಿ ಬಂತು, 2024ರಲ್ಲಿ ಬಂತು. ಯಾರಾದರೂ ‘ಕ್ರೋಧಿ ಸಂವತ್ಸರದ ಮಾಘ’ ಅಂದರೆ ಅದು 1904 ಅಲ್ಲ, 1905. ಹೀಗೆ ಒಂದು ವರ್ಷ ಆಚೀಚೆ ಆದ ಜನ್ಮದಿನಗಳು ಎಷ್ಟೋ. ಜತೆಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದುಕೊಂಡ ದಿನಾಂಕ ಬೇರೆ, ಅದೇ ಮುಂದೆ ಎಲ್ಲ ದಾಖಲೆಗೂ ಹೋಗಿರುತ್ತದೆ. ಎರಡು ಒಳ್ಳೆಯ ಆಕರ ಎರಡು ದಿನಾಂಕ ಹೇಳಿದರೆ ಏನು ಮಾಡೋದು? ನಾನು ಮೊದಮೊದಲು ನನಗೆ ಸರಿ ಅನ್ನಿಸಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಿದ್ದೆ. ಹಾಗೆ ಮಾಡಬಾರದು. ಎರಡನ್ನೂ ಹಾಕಿ, ಎರಡಕ್ಕೂ ಉಲ್ಲೇಖ ಕೊಡಬೇಕು.

ಆಕರ ಅಂದ ಕೂಡಲೇ ಕೊಂಡಿ, ಅಂದರೆ ಲಿಂಕು, ಅಂತ ತಿಳಿದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ತಿಳಿದಿದ್ದೆ. ಕನ್ನಡದ ಮಟ್ಟಿಗೆ ಇದು ದೊಡ್ಡ ತೊಡಕು. ನಮ್ಮ ಹಳೇ ಪತ್ರಿಕೆ, ಮಾಸಿಕ, ಪುಸ್ತಕಗಳ ಬಹುಪಾಲು ಅಂತರ್ಜಾಲದಲ್ಲಿ ಇಲ್ಲ. ಇದ್ದರೂ, ಯೂನಿಕೋಡ್ ಬರೋಕೆ ಮುಂಚೆ ಬೇರೆ ಬೇರೆ ಫಾಂಟಿನಲ್ಲಿ ಹಾಕಿದ ಪುಟಗಳು ಹುಡುಕಿದರೆ ಸಿಗೋದಿಲ್ಲ. ಆದರೆ ಉಲ್ಲೇಖ ಕೊಡೋಕೆ ಕೊಂಡಿ ಬೇಕೇಬೇಕು ಅಂತ ಯಾವ ನಿಯಮವೂ ಇಲ್ಲ. ಕಾಗದದ ಪುಸ್ತಕ ಧಾರಾಳವಾಗಿ ಸಾಕು. ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ, ಪುಟ. ಪತ್ರಿಕೆಯಾದರೆ ದಿನಾಂಕ, ಪುಟ. ನಾನು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋದಾಗ ಮೊದಲು ಮಾಡೋದು ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯನ್ನು ಬರೆದುಕೊಳ್ಳೋದು. ಬರೆದುಕೊಳ್ಳದೆ ಬಂದು ಎರಡು ಸಲ ಮತ್ತೆ ಹೋಗಿದ್ದೇನೆ, ಬರೀ ಮುದ್ರಣದ ವರ್ಷಕ್ಕೆ. ಮುದ್ರಣ ಯಾಕೆ ಮುಖ್ಯ ಅಂದರೆ ಎರಡನೇ ಮುದ್ರಣದಲ್ಲಿ ಪುಟಗಳು ಬದಲಾಗಿರುತ್ತವೆ, ನಾನು ಕೊಟ್ಟ ಪುಟ ನೋಡಿದವರಿಗೆ ಅಲ್ಲಿ ಬೇರೇನೋ ಇರುತ್ತದೆ.

ಇಲ್ಲಿ ಕಿಟ್ಟೆಲ್ ನೆನಪಾಗುತ್ತಾರೆ. 1894ರಲ್ಲಿ ಬಂದ ಅವರ ನಿಘಂಟನ್ನು ನಾನು ಮೊದಲು ಬರೀ ಅರ್ಥ ನೋಡೋಕೆ ತೆಗೆಯುತ್ತಿದ್ದೆ. ಈ ಕೆಲಸಕ್ಕೆ ಬಿದ್ದ ಮೇಲೆ ಅದರ ಅರ್ಥಗಳ ಪಕ್ಕದಲ್ಲಿರುವ ಚಿಕ್ಕ ಚಿಕ್ಕ ಗುರುತುಗಳು ಕಣ್ಣಿಗೆ ಬಿದ್ದವು. ಈ ಪದ ಈ ಅರ್ಥದಲ್ಲಿ ಶಬ್ದಮಣಿದರ್ಪಣದಲ್ಲಿ ಇದೆ, ಇದು ಬಸವಪುರಾಣದ ಇಂಥ ಸಂಧಿಯ ಇಂಥ ಪದ್ಯದಲ್ಲಿದೆ, ಇದು ಮೈಸೂರು ಕಡೆಯವರ ಬಾಯಲ್ಲಿ ಕೇಳಿದ್ದು, ಹೀಗೆ. ಸುಮಾರು 70,000 ಪದಗಳ ಪುಸ್ತಕ ಅದು. ಕಂಪ್ಯೂಟರ್ ಇಲ್ಲ, ಉಲ್ಲೇಖದ ವಿವರ ತುಂಬೋಕೆ ಖಾನೆ ಮಾಡಿಟ್ಟ ಟೆಂಪ್ಲೇಟ್ ಇಲ್ಲ. ಜರ್ಮನಿಯಿಂದ ಬಂದ ಒಬ್ಬರು ಕನ್ನಡಿಗರ ಪದಕ್ಕೆ ಕನ್ನಡಿಗರೇ ಹೋಗಿ ಪರೀಕ್ಷಿಸಬಹುದಾದ ದಾರಿ ಬರೆದಿಟ್ಟು ಹೋಗಿದ್ದಾರೆ. ನನಗೆ ನಾಲ್ಕು ಉಲ್ಲೇಖ ಹಾಕುವಷ್ಟರಲ್ಲಿ ಸಾಕಾದ ರಾತ್ರಿಗಳಲ್ಲಿ ಆ ನಿಘಂಟಿನ ಒಂದು ಪುಟ ನೋಡಿ ಮತ್ತೆ ಕೂತಿದ್ದೇನೆ.

ಟೆಂಪ್ಲೇಟ್ ಅಂದಾಗ ಒಂದು ಸಣ್ಣ ವಿಷಯ. ಉಲ್ಲೇಖದ ಟೆಂಪ್ಲೇಟಿನಲ್ಲಿ ಕೊನೆಯ ಹೆಸರು, ಮೊದಲ ಹೆಸರು ಅಂತ ಎರಡು ಖಾನೆ ಇರುತ್ತವೆ. ನಮ್ಮ ಹೆಸರುಗಳಿಗೆ ಅದು ಹೊಂದೋದಿಲ್ಲ. ಜಿ.ಎಸ್. ಶಿವರುದ್ರಪ್ಪ ಅವರ ಕೊನೆಯ ಹೆಸರು ಯಾವುದು? ಜಿ ಅಂದರೆ ಗುಗ್ಗರಿ, ಎಸ್ ಅಂದರೆ ತಂದೆ ಶಾಂತವೀರಪ್ಪ, ಶಿವರುದ್ರಪ್ಪ ಅವರ ಸ್ವಂತ ಹೆಸರು. ಕಾವ್ಯನಾಮ ಇದ್ದರಂತೂ ಕೇಳಲೇಬೇಡಿ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಲೇಖಕರು ಅನ್ನೋ ಒಂದೇ ಖಾನೆ ಇದೆ, ಪುಸ್ತಕದ ಮೇಲೆ ಹೇಗಿದೆಯೋ ಹಾಗೇ ಅದರಲ್ಲಿ ಹಾಕಿ. ಇನ್ನೊಂದು, ಉಲ್ಲೇಖವನ್ನು ಪ್ಯಾರಾದ ಕೊನೆಗೆ ಒಂದೇ ಸಲ ಹಾಕಿ ಕೈ ತೊಳೆದುಕೊಳ್ಳಬೇಡಿ. ನಾಳೆ ಯಾರೋ ಮಧ್ಯೆ ಒಂದು ವಾಕ್ಯ ಸೇರಿಸುತ್ತಾರೆ, ನಿಮ್ಮ ಉಲ್ಲೇಖ ಅವರ ಮಾತಿಗೂ ಸಾಕ್ಷಿ ಹೇಳುವ ಹಾಗೆ ಕಾಣುತ್ತದೆ. ಸಂಗತಿ ಎಲ್ಲಿದೆಯೋ ಅಲ್ಲೇ ಉಲ್ಲೇಖ ಇರಲಿ. ಕೊಂಡಿ ಕೊಟ್ಟರೆ ಅವತ್ತೇ, ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟದ ಪ್ರತಿ ಉಳಿಸಿ. ಜಾಲತಾಣ ಹೊಸದಾಗಿ ಮಾಡಿದಾಗ ಹಳೇ ಕೊಂಡಿಗಳೆಲ್ಲ ಸತ್ತುಹೋಗುತ್ತವೆ, ನನ್ನ ಮೂರು ಉಲ್ಲೇಖ ಹೀಗೇ ಹೋದವು.

ಯಾವ ಆಕರ ನಂಬಬಹುದು ಅನ್ನೋದು ಮಾತ್ರ ಪುಸ್ತಕ ನೋಡಿ ಕಲಿಯುವಂಥದ್ದಲ್ಲ. ನಮ್ಮಲ್ಲಿ ಅಭಿನಂದನ ಗ್ರಂಥ ಅಂತ ಒಂದು ಒಳ್ಳೆಯ ಪದ್ಧತಿ ಇದೆ. ಒಬ್ಬರಿಗೆ ಅರವತ್ತೋ ಎಪ್ಪತ್ತೈದೋ ತುಂಬಿದಾಗ ಶಿಷ್ಯರು, ಗೆಳೆಯರು ಸೇರಿ ಪುಸ್ತಕ ತರುತ್ತಾರೆ. ಅದರಲ್ಲಿ ಬೇರೆಲ್ಲೂ ಸಿಗದ ಮಾಹಿತಿ ಇರುತ್ತದೆ, ಯಾವ ಶಾಲೆ, ಯಾವ ವರ್ಷ, ಯಾವ ಪುಸ್ತಕ ಮೊದಲು. ಅದನ್ನು ನಾನು ಬಳಸುತ್ತೇನೆ. ಆದರೆ ಅದೇ ಪುಸ್ತಕದ ‘ಅಜಾತಶತ್ರು’, ‘ಸಾರಸ್ವತ ಲೋಕದ ಧ್ರುವತಾರೆ’ ಇವನ್ನು ಬಳಸೋದಿಲ್ಲ. ಅದು ಪ್ರೀತಿಯಿಂದ ಬರೆದದ್ದು, ಅದರ ಜಾಗ ಅಲ್ಲೇ. ಆತ್ಮಕಥೆಯೂ ಹಾಗೆ, ತಮ್ಮ ಬಾಲ್ಯದ ಬಗ್ಗೆ ಅವರು ಹೇಳಿದ್ದನ್ನು ತೆಗೆದುಕೊಳ್ಳಬಹುದು, ತಮ್ಮ ಎದುರಾಳಿಯ ಬಗ್ಗೆ ಹೇಳಿದ್ದಕ್ಕೆ ಇನ್ನೊಂದು ಆಕರ ಬೇಕು. ಇನ್ನು ಬೆನ್ನುಡಿ. ಅದು ಪುಸ್ತಕ ಮಾರಾಟ ಆಗಲಿ ಅಂತ ಬರೆಸಿದ್ದು.

ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಸುತ್ತಿಬಂದ ಮಾಹಿತಿಗೆ. ಒಬ್ಬ ರಂಗನಟರ ಊರಿನ ಹೆಸರು ನಾಲ್ಕು ಜಾಲತಾಣಗಳಲ್ಲಿ ಒಂದೇ ಥರ ಇತ್ತು. ನಾಲ್ಕು ಕಡೆ ಇದೆ ಅಂದರೆ ಸರಿಯೇ ಇರಬೇಕು ಅಂದುಕೊಂಡು ಹಾಕುವುದರಲ್ಲಿದ್ದೆ. ನೋಡಿದರೆ ನಾಲ್ಕರಲ್ಲೂ ಒಂದೇ ಕಾಗುಣಿತದ ತಪ್ಪು, ಒತ್ತಕ್ಷರ ಬಿಟ್ಟುಹೋಗಿದೆ. ವಿಕಿಪೀಡಿಯದ ‘ಇತಿಹಾಸ’ದಲ್ಲಿ ಹಿಂದಕ್ಕೆ ಹೋದರೆ ಅದೇ ತಪ್ಪು ಅಲ್ಲಿ ವರ್ಷಗಳ ಹಿಂದೆ ಯಾರೋ ಆಕರ ಇಲ್ಲದೆ ಬರೆದದ್ದು. ಅವರೆಲ್ಲ ಇಲ್ಲಿಂದ ತೆಗೆದುಕೊಂಡಿದ್ದಾರೆ, ನಾನು ಅವರಿಂದ ತೆಗೆದು ಮತ್ತೆ ಇಲ್ಲಿಗೇ ಉಲ್ಲೇಖವಾಗಿ ಹಾಕುತ್ತಿದ್ದೆ. ನಾಲ್ಕು ಸಾಕ್ಷಿ ಅಲ್ಲ ಅದು, ಒಂದೇ ಸಾಕ್ಷಿಯ ನಾಲ್ಕು ನೆರಳು. ಈಗ ಒಂದು ಮಾಹಿತಿ ಸಿಕ್ಕರೆ ಅದು ಎಲ್ಲಿ ಮೊದಲು ಅಚ್ಚಾಯಿತು ಅಂತ ಹಿಂದಕ್ಕೆ ನಡೆಯುತ್ತೇನೆ. ಕೆಲವು ಸಲ ದಾರಿ ಒಂದು ಪುಸ್ತಕಕ್ಕೆ ಹೋಗಿ ಮುಟ್ಟುತ್ತದೆ, ಕೆಲವು ಸಲ ಎಲ್ಲಿಗೂ ಹೋಗೋದಿಲ್ಲ. ಎಲ್ಲಿಗೂ ಹೋಗದಿದ್ದರೆ ಆ ವಾಕ್ಯ ಬಿಡೋದು.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕ ಅಟ್ಟದ ಮೇಲಿನ ಟ್ರಂಕ್ ಇಳಿಸಿಕೊಟ್ಟರು. ಹಳೇ ಪತ್ರಗಳು, ಎರಡು ಹಾಡಿನ ಪುಸ್ತಕ, ಮಡಿಸಿದ ಜಾಗದಲ್ಲಿ ಹರಿದುಹೋದ ಒಂದು ನಾಟಕದ ಹ್ಯಾಂಡ್‌ಬಿಲ್. ಗುಲಾಬಿ ಕಾಗದ. ಶನಿವಾರ ರಾತ್ರಿ 9-30ಕ್ಕೆ, ಕುರ್ಚಿಗೆ ಒಂದು ರೂಪಾಯಿ, ನೆಲಕ್ಕೆ ನಾಲ್ಕಾಣೆ. ಕೆಳಗೆ ಹಾರ್ಮೋನಿಯಂ ಅಂತ ಬರೆದು ಮುಂದೆ ಮೇಷ್ಟ್ರ ಹೆಸರು. ಅಚ್ಚಿನಲ್ಲಿ ಅವರ ಹೆಸರು ನೋಡಿದ್ದು ನಾನು ಅದೇ ಮೊದಲು, ಸ್ವಲ್ಪ ಹೊತ್ತು ಏನೂ ಮಾತಾಡೋಕೆ ಆಗಲಿಲ್ಲ. ಆದರೆ ಕಂಪನಿ ಗುಬ್ಬಿಯದಲ್ಲ, ನಾನು ಹೆಸರೇ ಕೇಳದ ಒಂದು ಸಣ್ಣ ಕಂಪನಿ. ಇಸವಿಯೂ ಇಲ್ಲ. ಆಣೆ ಲೆಕ್ಕ ಇರೋದರಿಂದ, ಹೊಸ ಪೈಸೆ ಬಂದ 1957ಕ್ಕಿಂತ ಮುಂಚಿನದು ಇರಬಹುದು ಅಂತ ನನ್ನ ಊಹೆ. ಈ ಊಹೆ ವಿಕಿಪೀಡಿಯಕ್ಕೆ ಹೋಗುವಂತಿಲ್ಲ, ಅದನ್ನೇ ಅಲ್ಲಿ ಸ್ವಂತ ಸಂಶೋಧನೆ ಅನ್ನೋದು.

ಅಕ್ಕನಿಗೆ ಹೇಳೋದು ಕಷ್ಟವಾಯಿತು. ಗುಬ್ಬಿ ಕಂಪನಿ ಅನ್ನೋದು ಆ ಮನೆಯ ಹೆಮ್ಮೆ. ಹಾರ್ಮೋನಿಯಂ ನುಡಿಸುವವರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು, ಮೇಷ್ಟ್ರು ಗುಬ್ಬಿಯಲ್ಲೂ ನುಡಿಸಿರಬಹುದು. ಇರಲಿಲ್ಲ ಅಂತ ಈ ಕಾಗದ ಹೇಳೋದಿಲ್ಲ. ಇದ್ದರು ಅಂತಲೂ ಹೇಳೋದಿಲ್ಲ. ಅಷ್ಟನ್ನೇ ಹೇಳಿದೆ. ಅವರು ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿ, ‘ಇದನ್ನ ಲ್ಯಾಮಿನೇಶನ್ ಮಾಡಿಸ್ಲಾ?’ ಅಂದರು. ಬೇಡ, ಪ್ಲಾಸ್ಟಿಕ್ ಹಾಳೆ ಮಧ್ಯೆ ಬಿಡಿಯಾಗಿ ಇಡೋಣ ಅಂದೆ, ಫೋಟೊ ತೆಗೆದುಕೊಂಡೆ.

ವಿಕಿಪೀಡಿಯದಲ್ಲಿ ಒಂದು ಪುಟ ಆಗಬೇಕಾದರೆ ಅವರ ಬಗ್ಗೆ ಬೇರೆಯವರು, ಮನೆಯವರಲ್ಲದವರು, ಸ್ವಲ್ಪ ವಿವರವಾಗಿ ಬರೆದಿರಬೇಕು. ಒಂದು ಹ್ಯಾಂಡ್‌ಬಿಲ್ ಸಾಲದು. ಹಾಗಾಗಿ ನಾನು ಮೊದಲು ಮಾಡಬೇಕಾಗಿದ್ದನ್ನು ಈಗ ಮಾಡಿದೆ. ಜಿಲ್ಲೆಯ ರಂಗಭೂಮಿಯ ಬಗ್ಗೆ ಬರುತ್ತಿರುವ ಒಂದು ಸ್ಮರಣ ಸಂಚಿಕೆಗೆ ನನ್ನ ಹೆಸರಲ್ಲೇ ಲೇಖನ ಕಳಿಸಿದೆ. ಅಲ್ಲಿ ಜಗಲಿ ಇದೆ, ಬಿಳಿ ಪಂಚೆ ಹೊದಿಸಿದ ಲೆಗ್ ಹಾರ್ಮೋನಿಯಂ ಇದೆ, ‘ಮನೆಯವರ ನೆನಪಿನ ಪ್ರಕಾರ’ ಅಂತ ಗುಬ್ಬಿ ಕಂಪನಿಯೂ ಇದೆ, ಹ್ಯಾಂಡ್‌ಬಿಲ್ ಫೋಟೊ ಇದೆ. ಅದು ನನ್ನ ಸಾಕ್ಷಿ, ಅದಕ್ಕೆ ನಾನೇ ಜವಾಬ್ದಾರ. ಅದನ್ನು ತಂದು ನಾನೇ ವಿಕಿಪೀಡಿಯಕ್ಕೆ ಉಲ್ಲೇಖವಾಗಿ ಹಾಕೋದಿಲ್ಲ. ಬೇರೆ ಯಾರಾದರೂ ಓದಿ, ತೂಗಿ ನೋಡಿ, ಬೇಕು ಅನ್ನಿಸಿದರೆ ಬಳಸಲಿ.

ಪುಟಕ್ಕೆ ಸಾಲದಿದ್ದರೂ ಹುಡುಕೋದು ನಿಲ್ಲಿಸಿಲ್ಲ. ಹೋದ ತಿಂಗಳು ಹಳೇ ಪುಸ್ತಕದಂಗಡಿಯಲ್ಲಿ ಕಂಪನಿ ನಾಟಕದ ನಟರೊಬ್ಬರ ಆತ್ಮಕಥೆ ಸಿಕ್ಕಿತು. ಹೆಸರುಗಳ ಅಕಾರಾದಿ ಪಟ್ಟಿ ಇಲ್ಲ, ಹಾಗಾಗಿ ಪುಟ ಪುಟವೂ ಓದಬೇಕು. ಮೂರನೇ ರಾತ್ರಿ ಸಿಕ್ಕರು. ದಾವಣಗೆರೆ ಕ್ಯಾಂಪಿನಲ್ಲಿ ಮಳೆ ಬಂದು ಪರದೆ ಎಲ್ಲ ನೆಂದಾಗ, ಜನ ಎದ್ದು ಹೋಗದ ಹಾಗೆ ಒಂದು ಗಂಟೆ ಒಬ್ಬರೇ ಹಾರ್ಮೋನಿಯಂ ನುಡಿಸಿ ಕೂರಿಸಿಕೊಂಡವರು ಅಂತ ಮೂರು ಸಾಲು, ಮೇಷ್ಟ್ರ ಹೆಸರು, ನಮ್ಮೂರಿನ ಹೆಸರು.

ರಾತ್ರಿ ಹತ್ತೂವರೆ ಆಗಿತ್ತು. ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ ಆ ಮೂರು ಸಾಲು ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ತಾಳು, ಪೆನ್ನು ತರ್ತೀನಿ,’ ಅಂದರು. ಒಳಗೆ ಹೋಗಿ ಬಂದ ಸದ್ದು ಕೇಳಿಸಿತು. ‘ಹೂಂ, ಈಗ ಹೇಳಪ್ಪ. ಯಾವ ಪುಸ್ತಕ? ಬರೆದೋರು ಯಾರು? ಎಷ್ಟನೇ ಪುಟ?’